ಬಣ್ಣ ಬಿಟ್ಟ ಜಾಗ

ಪೀಣ್ಯದ ಆ ಶೆಡ್ಡಿನಲ್ಲಿ ನನ್ನ ಕೆಲಸವೆಂದರೆ ತಪ್ಪು ಹುಡುಕುವುದು. ಕರೆಂಟಿನ ಪ್ಯಾನೆಲ್ ಡಬ್ಬಗಳಿಗೆ ಬೂದು ಬಣ್ಣ ಹೊಡೆದು, ಓವನ್‌ನಲ್ಲಿ ಬೇಯಿಸಿ, ಆರಿದ ಮೇಲೆ ಕೊಕ್ಕೆಯಲ್ಲಿ ನೇತಾಡಿಸಿಕೊಂಡು ನನ್ನ ಮುಂದೆ ತರುತ್ತಿದ್ದರು. ನಾನು ಟ್ಯೂಬ್‌ಲೈಟಿನ ಕೆಳಗೆ ನಿಂತು ಮೂಲೆಗಳು, ಮಡಚಿದ ಅಂಚುಗಳು, ಬಾಗಿಲಿನ ಹಿಂಬದಿ ಎಲ್ಲ ನೋಡುತ್ತಿದ್ದೆ. ಎಲ್ಲಾದರೂ ಬಣ್ಣ ಕೂರದೆ ತಗಡು ಇಣುಕಿದರೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಹಾಕಿ ಪಕ್ಕದಲ್ಲಿ ‘ಬಿಟ್ಟಿದೆ’ ಅಂತ ಬರೆಯುವುದು. ಡಬ್ಬ ವಾಪಸ್ ಹೋಗುತ್ತಿತ್ತು, ಟಚಪ್ ಆಗಿ ಬರುತ್ತಿತ್ತು. ದಿನಕ್ಕೆ ಎಷ್ಟು ಸಲ ಆ ಪದ ಬರೆಯುತ್ತಿದ್ದೆನೋ, ಊಟಕ್ಕೆ ಕೂತಾಗಲೂ ಬೆರಳ ತುದಿಯಲ್ಲಿ ಸೀಮೆಸುಣ್ಣ ಇರುತ್ತಿತ್ತು.

ಬಣ್ಣ ಹೊಡೆಯುತ್ತಿದ್ದವನು ರಾಯಚೂರಿನ ಕಡೆಯವನು. ನಾನು ಒಂದು ಸುತ್ತು ಹಾಕಿದ ಕೂಡಲೇ ಮೂಗಿಗೆ ಕಟ್ಟಿದ ಬಟ್ಟೆ ಕೆಳಗೆಳೆದು ಕೂಗುತ್ತಿದ್ದ: “ಅಕ್ಕಾ, ನಿಮ್ಮ ಕಣ್ಣಿಗೆ ಬಿದ್ರ ದೇವರ ಮೂರ್ತಿನೂ ವಾಪಸ್ ಬರ್ತೈತ್ರಿ!” ನನಗೆ ಅದು ಬೈಗುಳ ಅನ್ನಿಸುತ್ತಿರಲಿಲ್ಲ. ನನ್ನ ಕಣ್ಣಿನ ಬಗ್ಗೆ ನನಗೆ ಜಂಬ ಇತ್ತು.

ಮಾಕಳಿಯ ನಮ್ಮ ಮನೆಯಲ್ಲೂ ಅದೇ ಪದ ಓಡಾಡುತ್ತಿತ್ತು. ಅಲ್ಲಿ ವಾಪಸ್ ಹೋಗಬೇಕಾದ ಡಬ್ಬ ಮಾತ್ರ ನಾನೇ.

ಕಾಲೇಜು ಮುಗಿಯುವ ಹೊತ್ತಿಗೆ ನನ್ನ ಬಾಯಿಯ ಬಲಗಡೆ ಒಂದು ಬಿಳಿ ಚುಕ್ಕೆ ಕಾಣಿಸಿಕೊಂಡಿತ್ತು. ಆಮೇಲೆ ಎಡಗಣ್ಣಿನ ಸುತ್ತ, ಆಮೇಲೆ ಬೆರಳುಗಳು, ಕಿವಿಯ ಕೆಳಗೆ ಕುತ್ತಿಗೆ. ಊರಿನವರು ತೊನ್ನು ಅಂದರು. ಡಾಕ್ಟರು ಏನೂ ಅಪಾಯ ಇಲ್ಲ, ಯಾರಿಗೂ ಅಂಟುವುದಿಲ್ಲ ಅಂದರು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೀನು ತಿಂದು ಹಾಲು ಕುಡಿದಿದ್ದಿರಾ ಅಂತ ಕೇಳಿದರು. ಅವ್ವ ಇದ್ಯಾವುದನ್ನೂ ಅನ್ನಲಿಲ್ಲ. “ಅಲ್ಲಿ ಬಣ್ಣ ಬಿಟ್ಟೈತೆ,” ಅನ್ನುತ್ತಿದ್ದಳು, ಸೀರೆ ನೆನೆಸಿದ ಬಕೆಟ್ಟಿನಲ್ಲಿ ನೀರು ಕೆಂಪಾದರೆ ಹೇಳುತ್ತಿದ್ದ ಹಾಗೆಯೇ. ಬಿಟ್ಟ ಬಣ್ಣ ತಿರುಗಿ ಬರುತ್ತದೆ ಅಂತ ಅವಳಿಗೆ ಯಾರೋ ಹೇಳಿದ್ದರು. ಯಾವುದೋ ಬೀಜ ಅರೆದು ಕಾಯಿಸಿದ ಎಣ್ಣೆಯೊಂದನ್ನು ತರಿಸಿಕೊಂಡು, ನಾನು ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂರಿಸಿ, ಒಂದೊಂದು ಮಚ್ಚೆಯ ಅಂಚನ್ನೂ ಬೆರಳಲ್ಲಿ ಹಿಡಿದು ತಿಕ್ಕುತ್ತಿದ್ದಳು. ವರ್ಷಗಟ್ಟಲೆ ತಿಕ್ಕಿದಳು. ಎಣ್ಣೆಯ ವಾಸನೆ ನನ್ನ ಯೂನಿಫಾರ್ಮಿಗೆ ಹತ್ತಿತು, ಬಣ್ಣ ಮಾತ್ರ ಬರಲಿಲ್ಲ.

ದಾಸರಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಗೆ ‘ಜಲವರ್ಣ, ತೈಲವರ್ಣ ಕಲಿಸಲಾಗುವುದು’ ಎಂಬ ಬೋರ್ಡು ನೇತುಹಾಕಿದಾಗ ತುಮಕೂರು ರಸ್ತೆಯ ನಡುವೆ ಮೆಟ್ರೋ ಕಂಬಗಳು ಏಳುತ್ತಿದ್ದವು. ಬಸ್ಸು ಅಲ್ಲಿ ನಿಂತರೆ ಅರ್ಧ ಗಂಟೆ ಕದಲುತ್ತಿರಲಿಲ್ಲ, ಹಾಗಾಗಿ ಆ ಬೋರ್ಡು ನನಗೆ ಬಾಯಿಪಾಠವಾಗಿಹೋಗಿತ್ತು. ಇಷ್ಟು ವರ್ಷ ಬಣ್ಣದ ನಡುವೆ ಇದ್ದೇನೆ, ಆದರೆ ಎಲ್ಲ ಬೂದು. ಬೇರೆ ಬಣ್ಣವನ್ನೂ ಒಂದು ಕೈ ನೋಡೋಣ ಅನ್ನಿಸಿತು. ಕಷ್ಟವೇನೂ ಆಗುವುದಿಲ್ಲ ಅಂತಲೂ ಅನ್ನಿಸಿತು. ಅದು ಶುದ್ಧ ಅಹಂಕಾರ.

ಕಲಿಸುತ್ತಿದ್ದವರು ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಮಧ್ಯಾಹ್ನ ಕ್ಲಾಸು. ಮೊದಲು ಕಾಗದದ ಪಾಠ. ತೆಳ್ಳನೆಯ ಡ್ರಾಯಿಂಗ್ ಶೀಟು ನೀರು ತಾಗಿದ ಕೂಡಲೇ ಹಪ್ಪಳದ ಹಾಗೆ ಏಳುತ್ತದೆ, ಜಲವರ್ಣಕ್ಕೆ ದಪ್ಪ ಕಾಗದ ಬೇಕು, ಮೈ ಸ್ವಲ್ಪ ಒರಟಾಗಿರಬೇಕು. ಅದನ್ನೂ ಮೊದಲು ನೀರಿನಲ್ಲಿ ನೆನೆಸಿ, ಹಲಗೆಯ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಅಂಟಿನ ಪಟ್ಟಿ ಹಚ್ಚಿ ಒಣಗಲು ಬಿಡಬೇಕು. ಒಣಗುತ್ತಾ ತಮಟೆಯ ಚರ್ಮದಂತೆ ಬಿಗಿಯಾಗುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಏಳುವುದಿಲ್ಲ. ಇದೆಲ್ಲ ನನಗೆ ಹಿಡಿಸಿತು. ತಗಡಿಗೂ ಬಣ್ಣಕ್ಕೆ ಮುಂಚೆ ಎಣ್ಣೆ ತೊಳೆಯುವುದು, ತುಕ್ಕು ತೆಗೆಯುವುದು ಇರುತ್ತದಲ್ಲ.

ಎರಡನೆಯದು ವಾಶ್. ಹಲಗೆಯನ್ನು ಸ್ವಲ್ಪ ಓರೆಯಾಗಿಟ್ಟು, ದೊಡ್ಡ ಬ್ರಶ್ಶಿನ ತುಂಬ ಬಣ್ಣದ ನೀರು ತೆಗೆದುಕೊಂಡು ಮೇಲಿನಿಂದ ಒಂದು ಗೆರೆ ಎಳೆಯುವುದು. ಗೆರೆಯ ಕೆಳಗೆ ನೀರು ಮಣಿಯಂತೆ ತುಂಬಿ ನಿಲ್ಲುತ್ತದೆ. ಮುಂದಿನ ಗೆರೆಯಲ್ಲಿ ಆ ನೀರನ್ನು ಕೆಳಗಿಳಿಸುವುದು. ಎಲ್ಲೂ ನಿಲ್ಲಬಾರದು, ಹಿಂದಕ್ಕೆ ಹೋಗಿ ತಿದ್ದಬಾರದು. ನನ್ನ ಮೊದಲ ವಾಶ್ ಇಡೀ ಕ್ಲಾಸಿನಲ್ಲಿ ಚೆನ್ನಾಗಿ ಬಂತು. ಮೇಷ್ಟ್ರು ಅದನ್ನು ಎತ್ತಿ ತೋರಿಸಿದರು. “ನೋಡಿ, ಎಲ್ಲೂ ಒಂದು ಚೂರೂ ಬಿಟ್ಟಿಲ್ಲ.” ನಾನು ಕೆಂಪಾದೆ, ಕೆಂಪಾಗುವ ಜಾಗಗಳಲ್ಲಿ.

ಮುಂದಿನ ವಾರ ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಟ್ಟರು. ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು.

ಸ್ಟೀಲ್ ಲೋಟದ ಮೇಲೆ ಕಿಟಕಿಯ ಬೆಳಕು ಬಿದ್ದು ಒಂದು ಉದ್ದನೆಯ ಬಿಳಿ ಪಟ್ಟಿ ಹೊಳೆಯುತ್ತಿತ್ತು. ನಾನು ಬಾಕ್ಸಿನಲ್ಲಿದ್ದ ಬಿಳಿ ಟ್ಯೂಬಿನ ಮುಚ್ಚಳ ತೆಗೆದೆ. ಮೇಷ್ಟ್ರು ಅದನ್ನು ಕೈಯಿಂದ ಕಿತ್ತುಕೊಂಡರು. “ಇದನ್ನ ಮರೆತುಬಿಡಮ್ಮ. ಹಾಕಿದ್ರೆ ಸುಣ್ಣ ಬಳಿದಂಗೆ ಕಾಣುತ್ತೆ. ಜಲವರ್ಣದಲ್ಲಿ ಬಿಳಿ ಅಂದ್ರೆ ಕಾಗದ. ಅದನ್ನ ಹಾಕೋದಲ್ಲ, ಬಿಡೋದು.”

ಬಿಡೋದು! ನಾನು ಪೆನ್ಸಿಲಿನಲ್ಲಿ ಆ ಪಟ್ಟಿಯ ಗುರುತು ಮಾಡಿಕೊಂಡೆ, ಸುತ್ತ ಬೂದು ಹಚ್ಚುತ್ತಾ ಬಂದೆ. ಹತ್ತಿರ ಬಂದಾಗ ಅಲ್ಲೊಂದು ಕೂದಲೆಳೆಯಷ್ಟು ಬಿಳಿ ಕಂಡಿತು, ಅದನ್ನು ಮುಚ್ಚಿದೆ. ಅದರ ಪಕ್ಕ ಇನ್ನೊಂದು. ತಲೆ ಎತ್ತಿದಾಗ ಲೋಟ ಕೆಳಗಿನಿಂದ ಮೇಲಿನವರೆಗೆ ಒಂದೇ ಸಮ ಬೂದು, ನಮ್ಮ ಪ್ಯಾನೆಲ್ ಡಬ್ಬದ ಹಾಗೆ. ಇನ್ನೊಂದು ಸಲ ಬರೆದೆ. ಅದೂ ಡಬ್ಬವೇ. ಮೇಷ್ಟ್ರು ನನ್ನ ಬೆನ್ನ ಹಿಂದೆಯೇ ನಿಂತು ಕೂಗಲು ಶುರು ಮಾಡಿದರು: “ಬಿಡಮ್ಮ! ಬಿಡು! ಬಿಡು ಅಂದ್ರೆ!” ಕೂಗುತ್ತಿರುವಾಗಲೇ ಬ್ರಶ್ಶು ಹೋಗಿ ಮುಚ್ಚಿತು. ಕ್ಲಾಸೆಲ್ಲ ನಕ್ಕಿತು. ನನಗೆ ಲೋಟ ಎತ್ತಿ ಎಸೆಯುವಷ್ಟು ಸಿಟ್ಟು ಬಂತು.

ಇದಕ್ಕೂ ನಮ್ಮ ಶೆಡ್ಡಿನಲ್ಲಿ ದಾರಿ ಇದೆ ಅಂತ ಹೊಳೆಯಿತು. ಡಬ್ಬದಲ್ಲಿ ಬೋಲ್ಟು ಕೂರುವ ಕಡೆ ಬಣ್ಣ ಬೀಳಬಾರದು, ಅಲ್ಲಿ ಮುಂಚೆಯೇ ಮಾಸ್ಕಿಂಗ್ ಟೇಪು ಹಚ್ಚಿಬಿಡುತ್ತೇವೆ. ಒಂದು ತುಂಡು ಟೇಪು ಚೀಲಕ್ಕೆ ಹಾಕಿಕೊಂಡು ಹೋಗಿ ಲೋಟದ ಹೊಳಪಿನ ಜಾಗಕ್ಕೆ ಹಚ್ಚಿದೆ. ಈ ಸಲ ನಿರಾಳವಾಗಿ ಬಣ್ಣ ಬಳಿದೆ. ಒಣಗಿದ ಮೇಲೆ ಟೇಪು ಎಳೆದರೆ ಕಾಗದದ ಮೈಯೂ ಅದರ ಜೊತೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ತಗಡಿಗೆ ಅಂಟುವ ಟೇಪಿಗೆ ಕಾಗದ ಎಲ್ಲಿ ತಡೆಯಬೇಕು? ಮೇಷ್ಟ್ರು ಟೇಪನ್ನೂ ನೋಡಿದರು, ನನ್ನನ್ನೂ ನೋಡಿದರು. “ಅಂಚು ನೋಡಮ್ಮ, ಚಾಕುವಲ್ಲಿ ಕುಯ್ದಂಗಿದೆ. ಬೆಳಕಿಗೆ ಅಂಥ ಅಂಚು ಇರಲ್ಲ. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಕರಗಿಹೋಗಿರುತ್ತೆ.”

ಸಿಟ್ಟಿನಲ್ಲಿ ತೈಲವರ್ಣಕ್ಕೆ ಹಾರಿದೆ.

ತೈಲವರ್ಣ ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ಏನನ್ನೂ ಬಿಡಬೇಕಾಗಿಲ್ಲ. ಇಡೀ ಕ್ಯಾನ್ವಾಸು ತುಂಬಬಹುದು, ತಪ್ಪಾದರೆ ಮೇಲೆ ಇನ್ನೊಂದು ಪದರ ಹಾಕಬಹುದು, ಬಿಳಿಯನ್ನು ಕೊನೆಗೆ ಟ್ಯೂಬಿನಿಂದ ತೆಗೆದು ಇಡಬಹುದು. ಮೇಷ್ಟ್ರು ಒಂದೇ ನಿಯಮ ಹೇಳಿದರು. ಕೆಳಗಿನ ಪದರ ಟರ್ಪೆಂಟೈನ್ ಹಾಕಿ ತೆಳುವಾಗಿರಬೇಕು, ಮೇಲಿನ ಪದರಗಳಿಗೆ ಅಗಸೆ ಎಣ್ಣೆ ಹೆಚ್ಚು ಮಾಡುತ್ತಾ ಹೋಗಬೇಕು. ಒಂದು ಪದರ ಒಣಗುವವರೆಗೆ ಇನ್ನೊಂದು ಹಾಕಬಾರದು. ಒಣಗುವುದಕ್ಕೆ ದಿನಗಳು ಬೇಕು.

ದಿನಗಳು! ನಮ್ಮ ಓವನ್‌ನಲ್ಲಿ ಡಬ್ಬ ಒಳಗೆ ಹೋಗಿ ಚಹಾ ಕುಡಿಯುವಷ್ಟರಲ್ಲಿ ಒಣಗಿ ಆಚೆ ಬರುತ್ತದೆ. ಮೊದಲು ಟರ್ಪೆಂಟೈನ್ ಬದಲಿಗೆ ಶೆಡ್ಡಿನ ಥಿನ್ನರ್ ತಂದೆ. ಅದರ ಘಾಟಿಗೆ ಮೇಷ್ಟ್ರು ಕೆಮ್ಮುತ್ತಾ ಎಲ್ಲ ಕಿಟಕಿಗಳನ್ನೂ ತೆಗೆದರು. ನನ್ನ ಬ್ರಶ್ಶುಗಳ ಹಿಡಿಯ ಮೇಲಿನ ಕೆಂಪು ವಾರ್ನಿಶ್ ಕರಗಿ ಬೆರಳಿಗೆ ಅಂಟಿತು. ಅಷ್ಟಕ್ಕೇ ಬುದ್ಧಿ ಬರಲಿಲ್ಲ. ಕ್ಯಾನ್ವಾಸ್ ಬೋರ್ಡಿನ ಮೇಲೆ ಬರೆದ ಟೊಮ್ಯಾಟೊ ಬುಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಕೆಲಸಕ್ಕೆ ಒಯ್ದು, ಊಟದ ಹೊತ್ತಿನಲ್ಲಿ ಆರುತ್ತಿದ್ದ ಓವನ್‌ನೊಳಗೆ ಒಂದು ಕೊಕ್ಕೆಗೆ ನೇತುಹಾಕಿದೆ. ರಾಯಚೂರಿನವನು ನೋಡಿ, “ಅಕ್ಕಾ, ಟೊಮ್ಯಾಟೊ ಸಾರು ಮಾಡಾಕತ್ತೀರೇನ್ರಿ?” ಅಂದ. ಹೊರಗೆ ತೆಗೆದಾಗ ಬೋರ್ಡು ಬಾಗಿತ್ತು, ಬಣ್ಣದ ಮೈ ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಮೇಲೆ ಒಣಗಿದೆ, ಒತ್ತಿದರೆ ಒಳಗೆ ಮೆತ್ತಗೆ. ಮೇಷ್ಟ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನಮ್ಮ, ಚಿತ್ರಾನಾ, ಒಬ್ಬಟ್ಟಾ?” ಅಂತ ಕೇಳಿದರು. ಎರಡು ಭಾನುವಾರ ಕ್ಲಾಸಿನ ಕಡೆ ತಲೆ ಹಾಕಲಿಲ್ಲ.

ಮತ್ತೆ ಹೋದ ದಿನವೇ ಮೇಷ್ಟ್ರು ಹೊಸ ವಿಷಯ ತೆಗೆದರು. ಬರುವ ತಿಂಗಳ ಕೊನೆಯ ಭಾನುವಾರ ಕ್ಲಾಸಿನ ಗೋಡೆಗೆ ಎಲ್ಲರ ಚಿತ್ರ ಹಾಕೋಣ, ಮನೆಯವರನ್ನೂ ಕರೆದುಕೊಂಡು ಬನ್ನಿ ಅಂದರು. ವಿಷಯ, ಅವರವರ ಮುಖ. ಕನ್ನಡಿ ನೋಡಿಕೊಂಡು, ಜಲವರ್ಣದಲ್ಲಿ. ಎಲ್ಲರೂ ಗುಜುಗುಜು ಮಾಡುತ್ತಾ ಏಳುತ್ತಿರುವಾಗ ಅವರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

“ನೀನು ಬೇಕಾದ್ರೆ ಹೂವಿನ ಕುಂಡ ಬರಿಯಮ್ಮ. ಅದೂ ನಡೆಯುತ್ತೆ.”

ತಲೆಯಾಡಿಸಿ ಇಳಿದುಬಂದೆ. ಬಸ್ಸು ಕಂಬಗಳ ನಡುವೆ ಸಿಕ್ಕಿಕೊಂಡಿದ್ದಷ್ಟು ಹೊತ್ತೂ ಮೈ ಉರಿಯುತ್ತಿತ್ತು. ಮೇಷ್ಟ್ರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅಲ್ಲೇ ಎರಡು ಮಾತು ಆಡಿ ಮುಗಿಸುತ್ತಿದ್ದೆ. ಒಳ್ಳೆಯವರು ಮರುಕದಿಂದ ಕೊಟ್ಟ ರಿಯಾಯಿತಿಯನ್ನು ಏನು ಮಾಡುವುದು? ಹೂವಿನ ಕುಂಡವಂತೆ!

ಅದೇ ಮರುಕ ನಮ್ಮ ಮನೆಯ ಗೋಡೆಯ ಮೇಲೆಯೂ ಇತ್ತು, ಚೌಕಟ್ಟು ಹಾಕಿಸಿಕೊಂಡು. ಹಿಂದೆ ಗಂಡಿನ ಕಡೆಯವರಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿದ್ದೆವು. ಸ್ಟುಡಿಯೋದವನು ಕೇಳದೆಯೇ ಕಂಪ್ಯೂಟರಿನಲ್ಲಿ ನನ್ನ ಬಾಯಿ, ಕಣ್ಣು, ಕುತ್ತಿಗೆ ಎಲ್ಲವನ್ನೂ ಒಂದೇ ಗೋಧಿ ಬಣ್ಣಕ್ಕೆ ತಂದು ಕೊಟ್ಟ. ಟಚಪ್. ಅವ್ವನಿಗೆ ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು. ಗಂಡಿನವರು ಮನೆಗೆ ಬಂದಾಗ ಒಮ್ಮೆ ಫೋಟೋ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಇನ್ನೊಮ್ಮೆ ಫೋಟೋ ನೋಡಿದರು. ಕಾಫಿ ಆರಿಹೋಯಿತು. ಅವರು ಹೋದದ್ದಕ್ಕೆ ನನಗೆ ಅಷ್ಟೇನೂ ಬೇಸರವಾಗಲಿಲ್ಲ, ಆ ಗಂಡು ಒಂದು ಮುಖಕ್ಕೇ ಅಷ್ಟೊಂದು ಹೆದರಿದ್ದ. ಆದರೆ ಆ ಫೋಟೋ ಗೋಡೆಯಿಂದ ಇಳಿಯಲಿಲ್ಲ. ಮನೆಗೆ ಬಂದವರೆಲ್ಲ ಅದನ್ನು ನೋಡಿ, “ಎಷ್ಟು ಲಕ್ಷಣವಾಗಿದ್ದಳು,” ಅನ್ನುತ್ತಿದ್ದರು. ನಾನು ಅಲ್ಲೇ ನಿಂತಿರುತ್ತಿದ್ದೆ.

ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಕಾಣುವ ಮುಖ ನನಗೆ ಚೆನ್ನಾಗಿ ಪರಿಚಯ. ಅದರ ಒಂದು ಚಿತ್ರ ಇಡೀ ಪ್ರಪಂಚದಲ್ಲಿ ಎಲ್ಲೂ ಇರಲಿಲ್ಲ. ನನಗೆ ಅದು ಬೇಕಾಗಿತ್ತು. ಕ್ಲಾಸಿನ ಗೋಡೆಯ ಮೇಲೆ, ಎಲ್ಲರ ಮುಖಗಳ ಸಾಲಿನಲ್ಲಿ, ಇರುವುದು ಇರುವ ಹಾಗೆ. ಕೆಳಗೆ ನಿಂತು ಅವ್ವ ನೋಡಬೇಕು. ಹೂವಿನ ಕುಂಡ ಅಲ್ಲ.

ದಪ್ಪ ಕಾಗದ ತಂದು ಹಲಗೆಗೆ ಬಿಗಿದೆ. ಕೈಗನ್ನಡಿಯನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಚರ್ಮದ ಬಣ್ಣಕ್ಕೆ ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಬರ್ನ್ಟ್ ಸಿಯೆನ್ನಾ ಎಂಬ ಇಟ್ಟಿಗೆಗಂದು, ನೆರಳಿಗೆ ಒಂದು ಚೂರು ನೀಲಿ. ಹಳೆಯ ಪಿಂಗಾಣಿ ತಟ್ಟೆಯಲ್ಲಿ ಕಲಸಿ ಕಲಸಿ ನನ್ನ ಬಣ್ಣ ಹಿಡಿದೆ. ಅದೇನೂ ಕಷ್ಟವಾಗಲಿಲ್ಲ, ಬಣ್ಣ ಹೊಂದಿಸುವುದು ನನ್ನ ಹೊಟ್ಟೆಪಾಡು. ಮೊದಲು ತೆಳು ವಾಶ್, ಒಣಗಿದ ಮೇಲೆ ಕೆನ್ನೆಯ ನೆರಳು, ಮೂಗಿನ ಪಕ್ಕ. ತಿಳಿಯಿಂದ ಗಾಢಕ್ಕೆ ಹೋಗಬೇಕು, ವಾಪಸ್ ಬರುವ ದಾರಿ ಇಲ್ಲ. ಎಲ್ಲ ಸರಿ. ಬಾಯಿಯ ಮಚ್ಚೆಯ ಹತ್ತಿರ ಬ್ರಶ್ಶು ಬಂತು, ಒಂದು ಕ್ಷಣ ನಿಂತಿತು, ಹೋಗಿ ತುಂಬಿಬಿಟ್ಟಿತು.

ಥೂ! ನನ್ನ ಕೈಗೆ ಇಷ್ಟು ಸೊಕ್ಕೇ?

ಎರಡನೆಯ ಕಾಗದದಲ್ಲಿ ಬಾಯಿಯದು ಉಳಿಯಿತು, ಕಣ್ಣಿನ ಸುತ್ತಲಿನದು ಹೋಯಿತು. ಇನ್ನೊಂದರಲ್ಲಿ ಅಂಚನ್ನು ಕರಗಿಸಲು ಒದ್ದೆ ಬ್ರಶ್ಶು ಇಟ್ಟೆ, ನೀರು ಹೆಚ್ಚಾಗಿ ಬಣ್ಣ ಒಳಗೆ ನುಗ್ಗಿ ಹೂಕೋಸಿನಂತೆ ಅರಳಿತು. ಬಣ್ಣ ಒಣಗುವ ಮುಂಚೆ ಅದರ ಮೇಲೆ ನೀರು ಬಿದ್ದರೆ ಹಾಗೆಯೇ ಆಗುವುದು ಅಂತ ಮೇಷ್ಟ್ರು ಬಾಯಿ ನೋಯುವ ಹಾಗೆ ಹೇಳಿದ್ದರು. ಮತ್ತೊಂದರಲ್ಲಿ ಮಚ್ಚೆಗಳೆಲ್ಲ ಬಿಳಿಯಾಗಿಯೇ ಉಳಿದವು, ಆದರೆ ಅಂಚು ಗಟ್ಟಿಯಾಗಿ ಮುಖಕ್ಕೆ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಕಂಡಿತು. ಕೆಲಸದಲ್ಲೂ ಕೆಟ್ಟೆ. ಒಂದು ಡಬ್ಬದಲ್ಲಿ ತಗಡು ಕಾಣುತ್ತಿದ್ದುದನ್ನು ಹಾಗೆಯೇ ಪಾಸ್ ಮಾಡಿದೆ. ಸೂಪರ್‌ವೈಸರ್ ಕರೆದು ಎಲ್ಲರ ಮುಂದೆ ಬೈದರು. ಬಿಡಬೇಕಾದ ಕಡೆ ಬಿಡಲು ಬರುವುದಿಲ್ಲ, ಬಿಡಬಾರದ ಕಡೆ ಬಿಟ್ಟಾಯಿತು. ಅತ್ತೂಬಿಟ್ಟೆ, ಟಾಯ್ಲೆಟ್ಟಿನಲ್ಲಿ.

ಗೋಡೆಗೆ ಹಾಕುವ ಭಾನುವಾರ ಹತ್ತಿರ ಬಂತು. ಅದಕ್ಕೆ ಮುಂಚಿನ ಶುಕ್ರವಾರ ಶೆಡ್ಡಿನಲ್ಲಿ ಕರೆಂಟ್ ಹೋಗಿ ಮಧ್ಯಾಹ್ನವೇ ಮನೆಗೆ ಕಳಿಸಿದರು. ಕಿಟಕಿಯಲ್ಲಿ ಒಳ್ಳೆಯ ಬೆಳಕಿತ್ತು. ಅವ್ವ ಹೆಂಗಸರ ಸಂಘದ ಮೀಟಿಂಗಿಗೆ ಹೋಗಿದ್ದಳು. ಏನಾಯಿತೋ, ಆವತ್ತು ಕೈ ಮಾತು ಕೇಳಿತು. ಬಾಯಿಯ ಪಕ್ಕ ಬ್ರಶ್ಶು ಬಂದು ನಿಂತಿತು, ಹಾಗೆಯೇ ಸುತ್ತು ಹಾಕಿ ಆಚೆ ಹೋಯಿತು. ಮೇಲಿನ ಅಂಚನ್ನು ಗಟ್ಟಿಯಾಗಿಟ್ಟು, ಕೆಳಗಿನದನ್ನು ಹಿಂಡಿದ ಬ್ರಶ್ಶಿನಲ್ಲಿ ಮೆಲ್ಲಗೆ ಕರಗಿಸಿದೆ. ಕಣ್ಣಿನ ಸುತ್ತಲಿನದೂ ಉಳಿಯಿತು. ಕುತ್ತಿಗೆಯದನ್ನು ಅಂದಾಜಿನಲ್ಲಿ ಬಿಟ್ಟೆ. ಬಿಟ್ಟ ಜಾಗಗಳಲ್ಲಿ ಕಾಗದ ತನ್ನಷ್ಟಕ್ಕೆ ಬೆಳ್ಳಗೆ ಕೂತಿತ್ತು. ಒಂದು ಹೆಜ್ಜೆ ಹಿಂದೆ ಬಂದು ನೋಡಿದೆ. ಕನ್ನಡಿಯವಳೇ. ಹಲಗೆಯನ್ನು ಕಿಟಕಿಯ ಪಕ್ಕ ಗೋಡೆಗೆ ಒರಗಿಸಿದೆ. ಭಾನುವಾರ ಗೋಡೆಗೆ ಚಿತ್ರ ಹಾಕುವ ವಿಷಯ ಅವ್ವನಿಗೆ ಗೊತ್ತಿತ್ತು, ಕ್ಲಾಸಿಗೆ ಕರೆದುಕೊಂಡು ಹೋಗಿಯೇ ತೋರಿಸಬೇಕು ಅಂತ ಮೇಲೊಂದು ಟವಲ್ ಹೊದಿಸಿದೆ.

ಶನಿವಾರ ಮೊದಲ ಶಿಫ್ಟು ಮುಗಿಸಿ ಬಂದಾಗ ಟವಲ್ ಮಡಚಿ ಮಂಚದ ಮೇಲಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು, ಮುಖ ಹಿಗ್ಗಿತ್ತು.

“ಎಷ್ಟ್ ಚೆನ್ನಾಗಿ ಬರ್ದಿದೀಯೆ! ನೀನೇ ಕುಂತಂಗೈತೆ. ಅಲ್ಲಲ್ಲಿ ಬಿಟ್ಟೋಗಿತ್ತು, ನಾನೇ ತುಂಬ್ದೆ.”

ನಾನು ಚಪ್ಪಲಿ ಬಿಡದೆಯೇ ಒಳಗೆ ಓಡಿದೆ.

ತಟ್ಟೆಯಲ್ಲಿ ಒಣಗಿದ್ದ ನನ್ನ ಬಣ್ಣವನ್ನು ನೀರು ಹಾಕಿ ಕರಗಿಸಿಕೊಂಡು, ಸಣ್ಣ ಬ್ರಶ್ಶಿನಲ್ಲಿ, ಬಾಯಿಯ ಪಕ್ಕ, ಕಣ್ಣಿನ ಸುತ್ತ, ಕುತ್ತಿಗೆ, ಎಲ್ಲ ತುಂಬಿದ್ದಳು. ಅಂಚು ಮೀರಿರಲಿಲ್ಲ. ಒಂದು ಕಡೆಯೂ ಒಡೆದಿರಲಿಲ್ಲ. ಇಷ್ಟು ವರ್ಷದ ನನ್ನ ಕಣ್ಣಿಗೂ ಒಂದು ತಪ್ಪು ಸಿಗಲಿಲ್ಲ. ಶೆಡ್ಡಿನಲ್ಲಾಗಿದ್ದರೆ ಮರುಮಾತಿಲ್ಲದೆ ಪಾಸ್ ಮಾಡುತ್ತಿದ್ದೆ. ಗೋಡೆಯ ಮೇಲಿನ ಸ್ಟುಡಿಯೋ ಫೋಟೋದವಳೇ ಕಾಗದಕ್ಕೂ ಇಳಿದು ಬಂದಿದ್ದಳು.

ಕೂಗಿದೆ. ಪಕ್ಕದ ಮನೆಯವರು ಆಚೆ ಬಂದು ನೋಡುವಷ್ಟು ಕೂಗಿದೆ. ಯಾರು ಕೇಳಿದರು ನಿನ್ನನ್ನು, ಯಾಕೆ ಮುಟ್ಟಿದೆ, ಇಷ್ಟು ದಿನ ನನ್ನ ಮುಖಕ್ಕೆ ತಿಕ್ಕಿದ್ದು ಸಾಲದೇ. ಅವ್ವ ಕಕ್ಕಾಬಿಕ್ಕಿಯಾದಳು.

“ನಾಳೆ ಅಷ್ಟು ಜನದ ಮುಂದೆ ಆಕ್ತೀಯಲ್ಲ. ಅರ್ಧಂಬರ್ಧ ಬಳ್ದವ್ಳೆ ಅಂತ ಯಾರಾದ್ರೂ ಆಡ್ಕಂಡ್ರೆ? ಬಿಟ್ಟೋಗಿತ್ತು ಅಂತ...”

“ಬಿಟ್ಟೋಗಿರ್ಲಿಲ್ಲ ಅವ್ವ. ನಾನೇ ಬಿಟ್ಟಿದ್ದೆ.”

ಅವ್ವ ಚಿತ್ರದ ಕಡೆ ನೋಡಿದಳು. ಆಮೇಲೆ ನನ್ನ ಬಾಯಿಯ ಪಕ್ಕ ನೋಡಿದಳು. ಅಡುಗೆಮನೆಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಂತು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು ಅಂತ ಕಾಣುತ್ತದೆ.

ಒಣಗಿದ ಬಣ್ಣವನ್ನು ಸ್ವಲ್ಪ ಮಟ್ಟಿಗೆ ಎತ್ತಬಹುದು. ಶುದ್ಧ ನೀರಿನ ಬ್ರಶ್ಶಿನಲ್ಲಿ ತೇವ ಮಾಡಿ, ಬಣ್ಣ ಸಡಿಲವಾದ ಮೇಲೆ ಹತ್ತಿಯಲ್ಲೋ ಟಿಶ್ಯೂನಲ್ಲೋ ಒತ್ತಿ ತೆಗೆಯಬೇಕು, ಉಜ್ಜಬಾರದು. ಒತ್ತಿದೆ. ಒಂದಿಷ್ಟು ಬಂತು. ಉಳಿದದ್ದು ಕಾಗದದ ಒಳಗೆ ಇಳಿದುಬಿಟ್ಟಿತ್ತು. ಇನ್ನೊಮ್ಮೆ ಒತ್ತಿದೆ, ಮತ್ತೊಮ್ಮೆ, ಕೊನೆಗೆ ತಾಳ್ಮೆ ಕೆಟ್ಟು ಉಜ್ಜಿಯೇಬಿಟ್ಟೆ. ಬಾಯಿಯ ಪಕ್ಕ ಕಾಗದದ ಮೈ ಕಿತ್ತು ಸಣ್ಣ ಸಣ್ಣ ಉಂಡೆಗಳಾಗಿ ಎದ್ದಿತು. ಬಿಳಿಯೂ ಅಲ್ಲ, ಕಂದೂ ಅಲ್ಲ, ತೊಳೆಯದ ಕಾಫಿ ಲೋಟದ ತಳದಂಥ ಬಣ್ಣ. ಒಮ್ಮೆ ಹೋದ ಕಾಗದದ ಬಿಳಿ ಯಾವ ಎಣ್ಣೆಗೂ ಯಾವ ನೀರಿಗೂ ತಿರುಗಿ ಬರುವುದಿಲ್ಲ. ಹಲಗೆಯನ್ನು ನೆಲಕ್ಕೆ ಕುಕ್ಕಿದೆ.

ಅರ್ಧ ಹಾಳೆ ಉಳಿದಿತ್ತು, ಅಷ್ಟೇ. ಅದನ್ನೇ ಬಕೆಟ್ಟಿನಲ್ಲಿ ನೆನೆಸಿ, ಹಲಗೆಗೆ ಬಿಗಿದು, ಬಾಗಿಲ ಮೆಟ್ಟಿಲ ಮೇಲೆ ಬಿಸಿಲಿಗಿಟ್ಟೆ. ಆಗುವುದಿಲ್ಲ ಅಂತ ಗೊತ್ತಿತ್ತು. ಒಂದು ಚಿತ್ರಕ್ಕೆ ಅಷ್ಟು ವಾರ ಬೇಕಾಯಿತು, ಸಂಜೆಯೊಳಗೆ ಇನ್ನೊಂದು ಹೇಗೆ ಬರುತ್ತದೆ? ಆದರೂ ಹೂವಿನ ಕುಂಡ ಬರೆಯುವ ಹೆಣ್ಣು ನಾನಲ್ಲ. ಒಣಗಿದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಕನ್ನಡಿಯನ್ನು ಎದುರಿನ ಕಂಬಕ್ಕೆ ಕಟ್ಟಿ, ಪೆನ್ಸಿಲಿನಲ್ಲಿ ಮುಖದ ಗೆರೆ ಹಾಕಿಕೊಂಡೆ. ಬಣ್ಣ ಕಲಸಿದೆ. ಸಿಟ್ಟಿನಲ್ಲಿ ನೀರು ಹೆಚ್ಚಾಯಿತು. ಕೂದಲಿನ ಕಡೆ ಮೊದಲ ವಾಶ್‌ನಲ್ಲೇ ಒಂದು ಹೂಕೋಸು ಎದ್ದಿತು. ಹಾಳಾಗಿ ಹೋಗಲಿ ಅಂತ ಮುಂದುವರಿದೆ.

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು. ದಿನಾ ಬೆಳಿಗ್ಗೆ ಎಣ್ಣೆ ಹಚ್ಚುವಾಗ ಎಲ್ಲಿ ಕೂರುತ್ತಿದ್ದಳೋ ಅಲ್ಲೇ, ನನ್ನ ಎದುರಿಗೆ, ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಕನ್ನಡಿಗೆ ಅಡ್ಡ.

“ಆಚೆ ಸರಿ ಅವ್ವ, ಕಾಣ್ಸಲ್ಲ.”

ಅವಳು ಸರಿಯಲಿಲ್ಲ. ಬ್ರಶ್ಶನ್ನೇ ನೋಡುತ್ತಿದ್ದಳು. “ಮೂಗು ದಪ್ಪ ಆಯ್ತು ಕಣೆ,” ಅಂದಳು. ನಾನು ಹಲ್ಲು ಕಚ್ಚಿಕೊಂಡೆ. “ಕಿವಿ ಮ್ಯಾಲೋಯ್ತು,” ಅಂದಳು. ನಿಜ, ಕಿವಿ ಮೇಲೆ ಹೋಗಿತ್ತು. ಬ್ರಶ್ಶು ಕಿವಿಯಿಂದ ಕುತ್ತಿಗೆಗೆ ಇಳಿಯಿತು. ಅಲ್ಲಿಯ ಮಚ್ಚೆ ಕೈಗನ್ನಡಿಗೆ ಯಾವತ್ತೂ ಪೂರ್ತಿ ಸಿಕ್ಕಿದ್ದಲ್ಲ. ನಾನು ಕತ್ತು ತಿರುಗಿಸಿ, ಕಣ್ಣು ಓರೆ ಮಾಡಿ, ಅವ್ವನ ಭುಜದ ಮೇಲಿಂದ ಕನ್ನಡಿಯಲ್ಲಿ ಹುಡುಕತೊಡಗಿದೆ. ಬ್ರಶ್ಶಿನ ತುದಿಯಲ್ಲಿ ಬಣ್ಣ ತುಂಬಿ ತೊಟ್ಟಿಕ್ಕುವ ಹಾಗಿತ್ತು.

“ಅದು ನಿಂಗೆ ಕಾಣಾಕಿಲ್ಲ,” ಅಂದಳು ಅವ್ವ. “ನಂಗೊತ್ತು.”

ಅವಳ ತೋರುಬೆರಳು ನನ್ನ ಕಿವಿಯ ಕೆಳಗೆ ಬಂತು. ಬೆರಳಲ್ಲಿ ಎಣ್ಣೆ ಇರಲಿಲ್ಲ, ಪಾತ್ರೆ ತೊಳೆದ ತಣ್ಣನೆಯ ತೇವ ಇತ್ತು. ತಿಕ್ಕಲಿಲ್ಲ. ಅಂಚಿನ ಮೇಲೆಯೇ ಮೆಲ್ಲಗೆ ನಡೆಯಿತು, ಕಣ್ಣು ಮುಚ್ಚಿದರೂ ತಪ್ಪದ ಹಾಗೆ. “ಇಂಗೆ ಬತ್ತದೆ... ಇಲ್ಲಿ ಒಸಿ ಒಳಕ್ಕೋಯ್ತದೆ... ಇಲ್ಲಿ ಕರಗೋಯ್ತದೆ.” ನಾನು ಅವಳ ಬೆರಳು ಹೋದ ಹಾಗೆ ಕಾಗದದ ಮೇಲೆ ಬ್ರಶ್ಶು ನಡೆಸಿದೆ. ಕುತ್ತಿಗೆ ಮುಗಿಯಿತು. ಬೆರಳು ಬಾಯಿಯ ಪಕ್ಕಕ್ಕೆ ಬಂದು ನಿಂತಿತು. ನನ್ನ ಕೈ ಎಂದಿನ ಹಾಗೆ ಮುಂದಕ್ಕೆ ಹೊರಟಿತ್ತು.

“ಇಲ್ಲಿ ಬಿಡು,” ಅಂದಳು.

ಬಿಟ್ಟೆ.